ಸೂರ್ಯನಿಗೆ ಜ್ವರ, ಭೂಮಿಗೆ ಬರೆ

ಅಲ್ಲಿ ಹಗಲು ಹೊತ್ತಿನಲ್ಲೂ ನಕ್ಷತ್ರಗಳು ಕಾಣುತ್ತವೆ. ಸೂರ್ಯ ಕೆಂಪಗಾಗಿ, ಬಿಸಿಲಿನ ಚುರುಕು ಹೋಗಿ ಎಷ್ಟೋ ತಲೆಮಾರು ಕಳೆದಿವೆ. ಆದರೂ ಪೇಟೆ ನಡೆಯುತ್ತದೆ, ಉತ್ತರದ ಗಡಿಯಲ್ಲಿ ಯುದ್ಧ ನಡೆಯುತ್ತದೆ. ನೆಸ್ಸಸ್ ಎಂಬ ಮಹಾನಗರದ ಹಳೆಯ ಕೋಟೆಯಲ್ಲಿ, ನ್ಯಾಯಾಧೀಶರು ವಿಧಿಸಿದ ಹಿಂಸೆಯನ್ನು ವಿಧಿಸಿದಷ್ಟೇ ಅಳತೆಯಲ್ಲಿ ಕೊಡುವ ವೃತ್ತಿಸಂಘವೊಂದು ತನ್ನ ಕೆಲಸ ತಾನು ಮಾಡಿಕೊಂಡು ಹೋಗುತ್ತದೆ. ಮಂಕು ಸೂರ್ಯ ಅಲ್ಲಿನವರಿಗೆ ಸುದ್ದಿಯೇ ಅಲ್ಲ. ಹುಟ್ಟಿದಾಗಿನಿಂದ ಕಂಡಿದ್ದೇ ಅದು.

ಅಮೆರಿಕದ ಲೇಖಕ ಜೀನ್ ವುಲ್ಫ್ (1931–2019) ಕಟ್ಟಿದ ಉರ್ಥ್ ಎಂಬ ಲೋಕ ಇದು. ನಮ್ಮದೇ ಭೂಮಿ, ಎಣಿಕೆಗೆ ಸಿಗದಷ್ಟು ಮುಂದಿನ ಕಾಲದಲ್ಲಿ. 'ದಿ ಶ್ಯಾಡೋ ಆಫ್ ದಿ ಟಾರ್ಚರರ್' 1980ರಲ್ಲಿ ಬಂತು. 1983ರೊಳಗೆ ಇನ್ನೂ ಮೂರು ಸಂಪುಟಗಳು ಸೇರಿ 'ದಿ ಬುಕ್ ಆಫ್ ದಿ ನ್ಯೂ ಸನ್' ಪೂರ್ತಿಯಾಯಿತು. ಮೊದಲ ಸಂಪುಟಕ್ಕೆ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ, ಎರಡನೆಯದಕ್ಕೆ ನೆಬ್ಯುಲಾ. 1987ರಲ್ಲಿ ಬಂದ 'ದಿ ಉರ್ಥ್ ಆಫ್ ದಿ ನ್ಯೂ ಸನ್' ಐದನೆಯದು. ಚಿತ್ರಹಿಂಸೆಯವರ ಸಂಘದಲ್ಲಿ ಬೆಳೆದ ಸೆವೇರಿಯನ್ ಎಂಬ ಅನಾಥ ಹುಡುಗ ಒಬ್ಬ ಕೈದಿಯ ಮೇಲೆ ಕರುಣೆ ತೋರಿ ಹೊರದಬ್ಬಿಸಿಕೊಳ್ಳುತ್ತಾನೆ, ಊರೂರು ಅಲೆಯುತ್ತಾನೆ, ಕೊನೆಗೆ ಆಟಾರ್ಕ್ ಆಗುತ್ತಾನೆ. ಅಂದರೆ ದೇಶ ಆಳುವ ದೊರೆ. ಆಮೇಲೆ ಹೊಸ ಸೂರ್ಯನನ್ನು ತರಲು ನಕ್ಷತ್ರಗಳಾಚೆ ಹೊರಡುತ್ತಾನೆ. ಕಥೆ ಹೇಳುವವನೂ ಅವನೇ.

ಹಳೆಯ ಸೂರ್ಯ ಸಾಯುತ್ತಿರುವುದು ಏಕೆ? ಅದು ಬರಿಯ ಖಗೋಳ ಘಟನೆಯೋ, ಧರ್ಮದ ರೂಪಕವೋ, ಯಾರದೋ ಹುನ್ನಾರವೋ? ನಾಲ್ಕು ದಶಕಗಳಿಂದ ಓದುಗರೂ ವಿಮರ್ಶಕರೂ ಇದನ್ನು ಜಗ್ಗಾಡುತ್ತಲೇ ಇದ್ದಾರೆ. ವಿಜ್ಞಾನದ ಕಡೆಯವರು, ದೇವಶಾಸ್ತ್ರದ ಕಡೆಯವರು, ಸಂಶಯದ ಕಡೆಯವರು ಎಂದು ಮೂರು ಬಣ. ಮೂವರ ಕೈಯಲ್ಲೂ ಪಠ್ಯದ ಗಟ್ಟಿ ಸಾಕ್ಷ್ಯವಿದೆ. ಮೂವರೂ ಐದನೆಯ ಸಂಪುಟದ ಜಲಪ್ರಳಯದ ಹತ್ತಿರ ಬಂದಾಗ ಮಾತ್ರ ಸ್ವಲ್ಪ ಬೇಗ ಪುಟ ತಿರುಗಿಸುತ್ತಾರೆ ಎಂಬುದು ನನ್ನ ತಕರಾರು. ಈ ಸೂರ್ಯನಿಗೆ ಯಾವ ಅರ್ಥ ಕೊಟ್ಟರೂ ಅದನ್ನು ಆ ನೀರಿನಲ್ಲಿ ಒಮ್ಮೆ ಅದ್ದಿ ನೋಡಬೇಕು.

ಆರುವ ಸೂರ್ಯನ ಕಲ್ಪನೆ ವುಲ್ಫ್‌ನದಲ್ಲ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ವರ್ಷವೇ ಬೈರನ್ 'ಡಾರ್ಕ್‌ನೆಸ್' ಎಂಬ ಕವಿತೆಯಲ್ಲಿ ಸೂರ್ಯನನ್ನು ಆರಿಸಿಬಿಟ್ಟ. ಅದು ಕವಿಯ ಭಯ. ಭಯಕ್ಕೆ ಅಂಕಿ ಒದಗಿಸಿದವರು ಭೌತವಿಜ್ಞಾನಿಗಳು. ಸೂರ್ಯ ತನ್ನ ತೂಕಕ್ಕೆ ತಾನೇ ಕುಗ್ಗುತ್ತ ಆ ಕುಗ್ಗುವಿಕೆಯಿಂದ ಶಾಖ ಪಡೆಯುತ್ತದೆ ಎಂದು ಹೆಲ್ಮ್‌ಹೋಲ್ಟ್ಸ್ 1854ರಲ್ಲಿ ಹೇಳಿದ. 1862ರಲ್ಲಿ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಆ ಲೆಕ್ಕವನ್ನು ಬಿಡಿಸಿ, ಸೂರ್ಯ ಭೂಮಿಯನ್ನು ಬೆಳಗುತ್ತ ಬಂದಿರುವುದು ಬಹುಶಃ ಹತ್ತು ಕೋಟಿ ವರ್ಷಕ್ಕಿಂತ ಹೆಚ್ಚಲ್ಲ, ಮುಂದಕ್ಕೂ ಅದರ ಬಂಡವಾಳ ದೊಡ್ಡದಲ್ಲ ಎಂದು ಸಾರಿದ. ಎಚ್. ಜಿ. ವೆಲ್ಸ್ 1895ರ 'ದಿ ಟೈಮ್ ಮಷೀನ್'ನಲ್ಲಿ ಮೂರು ಕೋಟಿ ವರ್ಷಗಳಾಚೆಗೆ ನಾಯಕನನ್ನು ಕಳಿಸಿ, ಆಕಾಶದಲ್ಲಿ ಕದಲದೆ ನಿಂತ ದೈತ್ಯ ಕೆಂಪು ಸೂರ್ಯನನ್ನು ತೋರಿಸಿದ್ದು ಅಂದಿನ ಪಾಠಪುಸ್ತಕಕ್ಕೆ ಅಷ್ಟೇನೂ ದೂರವಲ್ಲ. ವಿಲಿಯಂ ಹೋಪ್ ಹಾಜ್ಸನ್ 1912ರ 'ದಿ ನೈಟ್ ಲ್ಯಾಂಡ್'ನಲ್ಲಿ ಸೂರ್ಯನನ್ನು ಪೂರ್ತಿ ನಂದಿಸಿದ. ಕ್ಲಾರ್ಕ್ ಆಷ್ಟನ್ ಸ್ಮಿತ್ 1932ರಿಂದ ಬರೆದ ಜೋಥಿಕ್ ಕಥೆಗಳಲ್ಲಿ ಕೊನೆಯ ಖಂಡದ ಮೇಲೆ ಮಾಟಗಾರರನ್ನು ಕೂರಿಸಿದ. 1950ರಲ್ಲಿ ಜ್ಯಾಕ್ ವ್ಯಾನ್ಸ್ 'ದಿ ಡೈಯಿಂಗ್ ಅರ್ತ್' ತಂದ. ವುಲ್ಫ್ ನೇರವಾಗಿ ಋಣಿಯಾಗಿರುವುದು ಇವನಿಗೆ.

ತಮಾಷೆಯೆಂದರೆ, ವ್ಯಾನ್ಸ್ ಬರೆಯುವ ಹೊತ್ತಿಗೆ ಆರುವ ಸೂರ್ಯ ವಿಜ್ಞಾನದಲ್ಲಿ ಆಗಲೇ ಸತ್ತುಹೋಗಿತ್ತು. ಸೂರ್ಯನ ಶಕ್ತಿ ಜಲಜನಕ ಹೀಲಿಯಂ ಆಗುವುದರಿಂದ ಬರುತ್ತಿರಬಹುದೆಂದು ಎಡಿಂಗ್ಟನ್ 1920ರಲ್ಲೇ ಊಹಿಸಿದ್ದ. ಹನ್ಸ್ ಬೆಥೆ 1939ರಲ್ಲಿ ಅದರ ಹಂತಗಳನ್ನು ಬಿಡಿಸಿಟ್ಟ. ಈ ಲೆಕ್ಕದಲ್ಲಿ ಸುಮಾರು 460 ಕೋಟಿ ವರ್ಷದ ಸೂರ್ಯನಿಗೆ ಇನ್ನೂ 500 ಕೋಟಿ ವರ್ಷದ ಆಯುಸ್ಸು ಇದೆ. ಅಷ್ಟೇ ಅಲ್ಲ, ಸೂರ್ಯ ಮುದಿಯಾಗುತ್ತ ತಣ್ಣಗಾಗುವುದಿಲ್ಲ, ಇನ್ನಷ್ಟು ಪ್ರಖರವಾಗುತ್ತದೆ. ನೂರು ಕೋಟಿ ವರ್ಷಕ್ಕೆ ಶೇ 10ರಷ್ಟು ಹೊಳಪು ಏರುತ್ತದೆ. ಭೂಮಿ ಹೆಪ್ಪುಗಟ್ಟುವುದಕ್ಕಿಂತ ಬಹಳ ಮೊದಲೇ ಸಮುದ್ರಗಳು ಆವಿಯಾಗುತ್ತವೆ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಹೇಳುವ ಯುಗಾಂತ ಬಲ್ಲವರಿಗೆ ಇದು ಕೇಳಿದ ಹಾಗೆ ಅನ್ನಿಸಬಹುದು. ಅಲ್ಲಿ ಏಳು ಸೂರ್ಯರು ಮೂಡಿ ನೀರನ್ನೆಲ್ಲ ಹೀರುತ್ತಾರೆ, ಸಂವರ್ತಕ ಅಗ್ನಿ ಸುಡುತ್ತದೆ, ಆಮೇಲೆ ಮಳೆ ಸುರಿದು ಎಲ್ಲವೂ ಒಂದೇ ಸಮುದ್ರವಾಗುತ್ತದೆ. ಇದನ್ನು ಹಿಡಿದುಕೊಂಡು ಪುರಾಣದಲ್ಲಿ ಖಭೌತವಿಜ್ಞಾನ ಇತ್ತೆಂದು ಭಾಷಣಕ್ಕೆ ಹೊರಡುವ ಅಗತ್ಯವಿಲ್ಲ. ಚಳಿಯ ದೇಶದವರು ಚಳಿಗೆ ಹೆದರಿದರು, ಬಿಸಿಲಿನ ದೇಶದವರು ಬಿಸಿಲಿಗೆ ಹೆದರಿದರು ಅಂದುಕೊಂಡರೆ ಸಾಕು.

ವ್ಯಾನ್ಸ್‌ಗೆ ಈ ವಿಜ್ಞಾನದ ಗೊಡವೆ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಸಂಜೆಯ ಬಣ್ಣ, ನಾಳೆ ಸೂರ್ಯ ಹುಟ್ಟದೇ ಇರಬಹುದೆಂದು ಗೊತ್ತಿರುವವರ ಉಡಾಫೆ. ವುಲ್ಫ್ ಅಂಥವನಲ್ಲ. ಅವನು ಕೊರಿಯಾ ಯುದ್ಧದಿಂದ ಹಿಂದಿರುಗಿ ಎಂಜಿನಿಯರ್ ಆದವನು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿದ್ದಾಗ ಪ್ರಿಂಗಲ್ಸ್ ಚಿಪ್ಸ್ ಬೇಯಿಸುವ ಯಂತ್ರದ ಅಭಿವೃದ್ಧಿಯಲ್ಲಿ ಅವನ ಕೈಯಿತ್ತು; ಆಮೇಲೆ ವರ್ಷಗಟ್ಟಲೆ 'ಪ್ಲಾಂಟ್ ಎಂಜಿನಿಯರಿಂಗ್' ಪತ್ರಿಕೆಯ ಸಂಪಾದಕ ಬಳಗದಲ್ಲಿದ್ದ. ಯಂತ್ರ ಕೆಟ್ಟರೆ ಏಕೆ ಕೆಟ್ಟಿತು ಎಂದು ಕೇಳುವ ಜಾಯಮಾನ ಅದು. ಅವನ ಕಥೆಯಲ್ಲಿ ಸೂರ್ಯ ಕೆಟ್ಟರೂ ಅದಕ್ಕೊಂದು ಕಾರಣ ಇರಲೇಬೇಕು.

ಕಾರಣದ ಮೊದಲ ಸುಳಿವು ಮೂರನೆಯ ಸಂಪುಟದಲ್ಲಿ ಸಿಗುತ್ತದೆ. ಹಿಂದೊಮ್ಮೆ ಹಲವು ಲೋಕಗಳನ್ನು ಆಳಿದ ಟೈಫನ್ ಎಂಬ ಚಕ್ರವರ್ತಿ, ತನ್ನದೇ ಮುಖ ಕೆತ್ತಿಸಿದ ಬೆಟ್ಟದ ಒಳಗೆ ಒಣಗಿದ ಹೆಣದಂತೆ ಬಿದ್ದಿರುತ್ತಾನೆ. ಸೆವೇರಿಯನ್ ಬಂದಾಗ ಅವನಿಗೆ ಮತ್ತೆ ಜೀವ ಬರುತ್ತದೆ. ಅವನು ಹೇಳುವ ಕಥೆ ಹೀಗೆ: ಸೂರ್ಯನ ಶಕ್ತಿ ಒಬ್ಬ ಮನುಷ್ಯನ ಜೀವಮಾನದಲ್ಲಿ ಗೊತ್ತಾಗದಷ್ಟು ನಿಧಾನವಾಗಿ ಇಳಿಯುತ್ತದೆಂದು ಅವನ ಖಗೋಳಜ್ಞರು ಭರವಸೆ ಕೊಟ್ಟಿದ್ದರು. ಅದು ಸುಳ್ಳಾಯಿತು. ಕೆಲವೇ ವರ್ಷಗಳಲ್ಲಿ ಲೋಕದ ಶಾಖ ಸಾವಿರಕ್ಕೆ ಎರಡು ಪಾಲಿನಷ್ಟು ಕುಸಿದು ಅಲ್ಲಿಗೆ ನಿಂತಿತು. ಬೆಳೆ ಕೈಕೊಟ್ಟಿತು, ಬರ ಬಂತು, ದಂಗೆ ಎದ್ದಿತು. ಈ ಅಂಕಿಯನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ನನಗೆ ಇಡೀ ಸರಣಿಯಲ್ಲಿ ಇದಕ್ಕಿಂತ ಭಯ ಹುಟ್ಟಿಸುವ ಸಾಲುಗಳು ಕಡಿಮೆ. ನಿಜವಾದ ಸೂರ್ಯ ಹನ್ನೊಂದು ವರ್ಷದ ಚಕ್ರದಲ್ಲಿ ಏರಿಳಿಯುವುದು ಸಾವಿರಕ್ಕೆ ಒಂದು ಪಾಲಿನಷ್ಟು. ಅದರ ಎರಡರಷ್ಟು ಇಳಿದು ಹಾಗೆಯೇ ನಿಂತುಬಿಟ್ಟರೆ ಎಂದು ವುಲ್ಫ್ ಕೇಳುತ್ತಿದ್ದಾನೆ. ಆಕಾಶ ಬಿದ್ದುಹೋಗುವುದಿಲ್ಲ, ಆದರೆ ಕಣಜ ಖಾಲಿಯಾಗುತ್ತದೆ.

ಈ ಸಂಪುಟಗಳು ಹುಟ್ಟಿದ ಕಾಲವನ್ನೂ ಇಲ್ಲಿ ನೆನೆಯಬೇಕು. 1970ರ ದಶಕದಲ್ಲಿ ಸೂರ್ಯನ ಮೇಲಿನ ನಂಬಿಕೆ ವಿಜ್ಞಾನಿಗಳಲ್ಲೇ ಅಲುಗಾಡಿತ್ತು. ಅಮೆರಿಕದ ಸೌತ್ ಡಕೋಟಾ ರಾಜ್ಯದ ಹೋಮ್‌ಸ್ಟೇಕ್ ಚಿನ್ನದ ಗಣಿಯ ಆಳದಲ್ಲಿ, ಬಟ್ಟೆಯ ಡ್ರೈಕ್ಲೀನಿಂಗ್‌ಗೆ ಬಳಸುವ ದ್ರವವನ್ನು ಸುಮಾರು 3,80,000 ಲೀಟರ್‌ನಷ್ಟು ತೊಟ್ಟಿಯಲ್ಲಿ ತುಂಬಿ, ರೇಮಂಡ್ ಡೇವಿಸ್ ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನು ಎಣಿಸುತ್ತಿದ್ದ. (ಗಣಿಯ ಆಳದಲ್ಲಿ ನ್ಯೂಟ್ರಿನೊ ಹುಡುಕುವ ಕೆಲಸಕ್ಕೆ ನಮ್ಮ ಕೋಲಾರವೂ ಹಳಬ: ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಮೊದಲು ಗುರುತಿಸಿದ ಪ್ರಯೋಗಗಳಲ್ಲಿ ಕೆಜಿಎಫ್‌ನದೂ ಒಂದು.) ಡೇವಿಸ್‌ಗೆ ಸಿಕ್ಕಿದ್ದು ನಿರೀಕ್ಷೆಯ ಮೂರರಲ್ಲಿ ಒಂದು ಪಾಲು ಮಾತ್ರ. ಸೂರ್ಯನ ಒಲೆ ಒಳಗೆ ಆರುತ್ತಿದೆಯೇ ಎಂದು ಕೆಲವರು ಗಂಭೀರವಾಗಿ ಕೇಳಿದರು. ಸೂರ್ಯನ ನಡುವೆ ಪುಟ್ಟದೊಂದು ಕಪ್ಪು ಕುಳಿ ಕೂತಿರಬಹುದೆಂಬ ಮಾತನ್ನು ಸ್ಟೀಫನ್ ಹಾಕಿಂಗ್ 1971ರಲ್ಲಿ ಎತ್ತಿದ. 1975ರಲ್ಲಿ ಡೊನಾಲ್ಡ್ ಕ್ಲೇಟನ್ ಮತ್ತು ಸಂಗಡಿಗರು ಅಂಥ ಸೂರ್ಯನ ಮಾದರಿಯನ್ನೇ ಲೆಕ್ಕಹಾಕಿ ಪ್ರಕಟಿಸಿದರು. 1976ರಲ್ಲಿ ಜಾನ್ ಎಡ್ಡಿ, 1645ರಿಂದ 1715ರವರೆಗೆ ಸೂರ್ಯನ ಕಲೆಗಳು ಹೆಚ್ಚುಕಡಿಮೆ ಮಾಯವಾಗಿದ್ದವೆಂದು ಹಳೆಯ ದಾಖಲೆಗಳಿಂದ ಎತ್ತಿ ತೋರಿಸಿದ. ನ್ಯೂಟ್ರಿನೊ ಒಗಟು ಬಿಡಿಸಿಕೊಂಡದ್ದು 2001–02ರಲ್ಲಿ: ಅವು ದಾರಿಯಲ್ಲಿ ಜಾತಿ ಬದಲಿಸುತ್ತವೆ, ಸೂರ್ಯನ ಆರೋಗ್ಯಕ್ಕೆ ಏನೂ ಆಗಿಲ್ಲ. ಆದರೆ ವುಲ್ಫ್ ಬರೆಯುತ್ತಿದ್ದ ಕಾಲಕ್ಕೆ ಹೊಟ್ಟೆಯಲ್ಲಿ ಕಪ್ಪು ಕುಳಿ ಹೊತ್ತ ಸೂರ್ಯ ಮಾಟಗಾರರ ಕಥೆಯಲ್ಲಿ ಮಾತ್ರ ಇದ್ದ ಸೂರ್ಯನಲ್ಲ.

ಉರ್ಥ್‌ನ ಸೂರ್ಯನ ರೋಗವೂ ಅದೇ. ನಡುವೆ ಕೂತ ಕಪ್ಪು ಕುಳಿ ಅದನ್ನು ಒಳಗಿನಿಂದ ತಿನ್ನುತ್ತಿದೆ. ಮದ್ದು ಅದಕ್ಕೆ ತಕ್ಕ ಎದುರುಗುಣದ್ದು. ಕಪ್ಪು ಕುಳಿ ನುಂಗುವಂತೆ ಹೊರಚೆಲ್ಲುವ ಬಿಳಿ ಚಿಲುಮೆಯೊಂದು ಬಾಹ್ಯಾಕಾಶದಲ್ಲಿ ಹರಿದು ಬಂದು ಸೂರ್ಯನನ್ನು ಸೇರಬೇಕು. ಹೊಸ ಸೂರ್ಯ ಎಂದರೆ ಅದು. ಇಷ್ಟನ್ನು ವಿಜ್ಞಾನದ ಬಣ ಸರಿಯಾಗಿಯೇ ಹಿಡಿದಿದೆ. ಮೈಕಲ್ ಆಂಡ್ರೆ ಡ್ರಿಯುಸಿಯ 'ಲೆಕ್ಸಿಕಾನ್ ಉರ್ಥಸ್' (1994) ಎಂಬ ಕೋಶ ಇಂಥ ಓದಿಗೆ ದೊಡ್ಡ ಊರುಗೋಲು. ಈ ಬಣದ ಕೊರತೆ ಇರುವುದು ಬೇರೆ ಕಡೆ. ಕಥೆ ಹೇಳುವ ಸೆವೇರಿಯನ್‌ಗೆ ಭೌತವಿಜ್ಞಾನ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಸಂಘದ ಆಚಾರ, ಸಂತರ ಕಥೆ, ಕೋಟೆಯ ಗ್ರಂಥಾಲಯದ ಹಳೆಯ ಪುಸ್ತಕಗಳು. ಅವನ ಬಾಯಲ್ಲಿ ನಕ್ಷತ್ರನೌಕೆ ಗೋಪುರವಾಗುತ್ತದೆ, ಚಂದ್ರನ ಮೇಲೆ ನಿಂತ ಗಗನಯಾತ್ರಿಯ ಚಿತ್ರ ಮರುಭೂಮಿಯಲ್ಲಿ ನಿಂತ ಕವಚಧಾರಿ ಯೋಧನದಾಗುತ್ತದೆ. ಅವನ ಮಾತಿನ ಹಿಂದಿನ ಭೌತವಿಜ್ಞಾನವನ್ನು ಬಿಡಿಸಿದೆವೆಂದರೆ ಒಗಟು ಮುಗಿಯಿತು ಎಂದು ಈ ಬಣ ತಿಳಿಯುತ್ತದೆ. ಸೆವೇರಿಯನ್ ಅದನ್ನು ದೇವರ ಭಾಷೆಯಲ್ಲೇ ಏಕೆ ಹೇಳಬೇಕಾಯಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ದೇವಶಾಸ್ತ್ರದ ಬಣಕ್ಕೆ ಆ ಪ್ರಶ್ನೆಯೇ ಬುನಾದಿ. ವುಲ್ಫ್ ಮದುವೆಯ ಸಂದರ್ಭದಲ್ಲಿ ಕ್ಯಾಥೊಲಿಕ್ ಆದವನು, ಕೊನೆಯವರೆಗೂ ಶ್ರದ್ಧಾವಂತ. ಉರ್ಥ್‌ನ ಜನ ಹಿಂದೊಮ್ಮೆ ಬಂದುಹೋದ ಕನ್ಸಿಲಿಯೇಟರ್ ಎಂಬ ಮಹಾಪುರುಷನನ್ನು ನಂಬುತ್ತಾರೆ, ಅವನೇ ಹೊಸ ಸೂರ್ಯನಾಗಿ ಮರಳುತ್ತಾನೆಂದು ಕಾಯುತ್ತಾರೆ. ಅವನದೆನ್ನುವ ರತ್ನವೊಂದನ್ನು ಪೆಲರೀನ್ ಎಂಬ ಸನ್ಯಾಸಿನಿಯರು ಕಾಯುತ್ತಾರೆ. ಅದು ಸೆವೇರಿಯನ್‌ನ ಕೈಗೆ ಬಿದ್ದಾಗ ರೋಗಿಗಳು ಏಳುತ್ತಾರೆ, ಸತ್ತವರೂ ಕೆಲವೊಮ್ಮೆ ಏಳುತ್ತಾರೆ, ಕೆಲವೊಮ್ಮೆ ಏನೂ ಆಗುವುದಿಲ್ಲ. ಬಾಲ್ಡಾಂಡರ್ಸ್ ಎಂಬ ದೈತ್ಯ ಅದನ್ನು ಎಸೆದು ಒಡೆದ ಮೇಲೆ ಒಳಗಿದ್ದದ್ದು ಬರಿಯ ಮುಳ್ಳು ಎಂದು ತಿಳಿಯುತ್ತದೆ. ಮುಳ್ಳಿನ ಕಿರೀಟ ನೆನಪಾಗದ ಕ್ರೈಸ್ತ ಓದುಗ ಇರಲಾರ. ಟೈಫನ್ ಬೆಟ್ಟದ ಮೇಲೆ ನಿಲ್ಲಿಸಿ ರಾಜ್ಯದ ಆಸೆ ತೋರಿಸುವುದಂತೂ ಸೈತಾನ ಏಸುವಿಗೆ ಒಡ್ಡಿದ ಪರೀಕ್ಷೆಯ ನೆರಳು. ಹಾಗಾದರೆ ಸೆವೇರಿಯನ್ ಕ್ರಿಸ್ತನೇ? ಅವನನ್ನು ಕ್ರಿಸ್ತನ ಪ್ರತಿರೂಪವೆಂದು ತಾನು ಭಾವಿಸಿಲ್ಲ, ಕ್ರಿಸ್ತನ ದಾರಿಯಲ್ಲಿ ನಡೆಯಬೇಕಾದ ಮನುಷ್ಯ ಮಾತ್ರ ಎಂಬರ್ಥದ ಮಾತನ್ನು ವುಲ್ಫ್ ಸಂದರ್ಶನವೊಂದರಲ್ಲಿ ಹೇಳಿದ್ದಾನೆ. 1982ರ 'ದಿ ಕ್ಯಾಸಲ್ ಆಫ್ ದಿ ಆಟರ್' ಪ್ರಬಂಧಗಳಲ್ಲಿ ಇನ್ನೂ ಚುಚ್ಚುವ ಮಾತಿದೆ: ಕ್ರಿಸ್ತ ಹಿಂಸೆ ಅನುಭವಿಸಿ ಸತ್ತನೆಂದು ಎಲ್ಲರೂ ಹೇಳುತ್ತಾರೆ, ಆದರೆ ಅವನು ಬಡಗಿಯೂ ಹೌದು, ಅವನ ಕೈಯಾರೆ ಮಾಡಿದ್ದೆಂದು ಸುವಾರ್ತೆಗಳು ಹೇಳುವ ಒಂದೇ ವಸ್ತು ಚಾಟಿ. ಹಿಂಸೆ ಕೊಡುವವನನ್ನು ನಾಯಕನನ್ನಾಗಿ ಮಾಡುವ ಧೈರ್ಯ ವುಲ್ಫ್‌ಗೆ ಬಂದದ್ದು ಈ ದಾರಿಯಲ್ಲಿ.

ಈ ಓದು ನನಗೆ ಬಹುಪಾಲು ಒಪ್ಪಿಗೆ. ಆದರೆ ಇದಕ್ಕೊಂದು ಚಟ ಇದೆ. ಬೆಳಕು ಎಂದ ಕೂಡಲೇ ಕೃಪೆ, ಕತ್ತಲೆ ಎಂದ ಕೂಡಲೇ ಪಾಪ ಎಂದು ಚೀಟಿ ಅಂಟಿಸಿಬಿಡುತ್ತದೆ. ವುಲ್ಫ್‌ನ ಕಥೆ ಅಷ್ಟು ಸಲೀಸಲ್ಲ. ಐದನೆಯ ಸಂಪುಟದಲ್ಲಿ ಸೆವೇರಿಯನ್ ಕಾಲದಲ್ಲಿ ಹಿಂದಕ್ಕೆ, ಟೈಫನ್‌ನ ಯುಗಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ರೋಗ ವಾಸಿಮಾಡುತ್ತಾನೆ, ಜನ ಅವನ ಸುತ್ತ ಸೇರುತ್ತಾರೆ. ಅಂದರೆ ಬಾಲ್ಯದಿಂದ ಅವನು ಕೇಳುತ್ತ ಬಂದ ಕನ್ಸಿಲಿಯೇಟರ್ ಅವನೇ. ತನ್ನ ಭಕ್ತಿಗೆ ತಾನೇ ಮೂಲವಾದವನ ಸಾಕ್ಷ್ಯವನ್ನು ಯಾವ ನ್ಯಾಯಾಲಯ ಒಪ್ಪೀತು?

ಸಂಶಯದ ಬಣ ಹುಟ್ಟುವುದು ಈ ಬಿರುಕಿನಲ್ಲಿ. ಪೀಟರ್ ರೈಟ್ 2003ರ 'ಅಟೆಂಡಿಂಗ್ ಡೆಡಲಸ್' ಎಂಬ ಪುಸ್ತಕದಲ್ಲಿ ಈ ವಾದವನ್ನು ತುದಿಯವರೆಗೆ ಒಯ್ದಿದ್ದಾನೆ. ಕಥೆಯಲ್ಲಿ ಹೈರೊಗ್ರಾಮೇಟ್ ಎಂಬ ಉನ್ನತ ಜೀವಿಗಳಿವೆ. ಹಿಂದಿನ ವಿಶ್ವಚಕ್ರವೊಂದರಲ್ಲಿ ಮನುಷ್ಯರಂಥವರೇ ಅವನ್ನು ರೂಪಿಸಿದ್ದರು. ಈ ಚಕ್ರದಲ್ಲಿ ಅವು ತಿರುಗಿ ಮನುಷ್ಯರನ್ನು ರೂಪಿಸುತ್ತಿವೆ, ಏಕೆಂದರೆ ಮನುಷ್ಯರು ಮುಂದುವರಿಯದೆ ಅವುಗಳ ಹುಟ್ಟೂ ಇಲ್ಲ. ರೈಟ್ ಪ್ರಕಾರ ಪವಾಡ, ಭವಿಷ್ಯವಾಣಿ, ಸೂರ್ಯಧರ್ಮ ಎಲ್ಲವೂ ಅವು ಹೂಡಿದ ನಾಟಕ. ಸೆವೇರಿಯನ್ ದಾರ ಕಟ್ಟಿದ ಗೊಂಬೆ, ಅವನ ಭಕ್ತಿಯ ಮಾತಿಗೆ ಮರುಳಾಗುವ ಓದುಗ ಇನ್ನೊಂದು ಗೊಂಬೆ. ಇದಕ್ಕೆ ಒತ್ತು ಕೊಡುವ ಘಟನೆಗಳು ಸಾಕಷ್ಟಿವೆ. ಸೆವೇರಿಯನ್‌ಗಿಂತ ಮೊದಲು ಹೊಸ ಸೂರ್ಯನಿಗಾಗಿ ಪರೀಕ್ಷೆಗೆ ಹೋದ ಆಟಾರ್ಕ್ ಸೋತು, ಪುರುಷತ್ವ ಕಳೆದುಕೊಂಡು ಹಿಂದಿರುಗಿದ್ದ. ಸೆವೇರಿಯನ್‌ನ ವಿಚಾರಣೆಯಂತೂ ಹೆಸರಿಗೆ ಮಾತ್ರ ಎಂಬಂತೆ ನಡೆಯುತ್ತದೆ. ಸೂರ್ಯನ ಹೊಟ್ಟೆಯ ಕಪ್ಪು ಕುಳಿಯನ್ನು ಅಲ್ಲಿಟ್ಟವರು ಯಾರು ಎಂಬ ಪ್ರಶ್ನೆ ಏಳುವುದೂ ಇಲ್ಲೇ. ಟೈಫನ್‌ನ ಖಗೋಳಜ್ಞರ ಲೆಕ್ಕ ಏಕಾಏಕಿ ತಪ್ಪಿದ್ದು ತಾನೇತಾನಾಗಿ ಅಲ್ಲ, ಸಾಮ್ರಾಜ್ಯ ಕಟ್ಟಿದ ಮನುಷ್ಯಕುಲಕ್ಕೆ ಯಾರೋ ಕೊಟ್ಟ ಶಿಕ್ಷೆ ಎಂದು ಅನೇಕ ಓದುಗರು ನಂಬುತ್ತಾರೆ. ರೋಗ ಕೊಟ್ಟವರೇ ಮದ್ದು ಮಾರಲು ಬಂದರೆ ಅವರನ್ನು ದೇವದೂತರು ಎನ್ನಬೇಕೇ?

ರೈಟ್‌ನ ತರ್ಕ ಹರಿತವಾಗಿದೆ, ಆದರೆ ಅದು ಪುಸ್ತಕವನ್ನು ಬಡವಾಗಿಸುತ್ತದೆ. ಕೃಪೆ ಮತ್ತೊಬ್ಬರ ಸ್ವಾರ್ಥದ ಮೂಲಕವೂ ಬರಬಹುದು ಎಂಬ ಸಾಧ್ಯತೆಯನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವುಲ್ಫ್ ನಂಬಿದ ಧರ್ಮದಲ್ಲಿ ದೇವರು ಕೆಲಸ ಮಾಡಿಸುವುದು ಕೈಸರನ ಅಧಿಕಾರಿಗಳಿಂದ, ವಿಶ್ವಾಸಘಾತ ಮಾಡಿದ ಶಿಷ್ಯನಿಂದ. ಸೂತ್ರ ಎಳೆಯುವವರು ಇದ್ದಾರೆಂದು ಸಾಬೀತಾದರೆ ಆಟ ಸುಳ್ಳಾಯಿತು ಎಂದೇನೂ ಅಲ್ಲ. ಈ ಬಣ ಕೇಳಬೇಕಾದ ಇನ್ನೊಂದು ಪ್ರಶ್ನೆಯಿತ್ತು. ಬಾಲ್ಡಾಂಡರ್ಸ್‌ನನ್ನು ನೋಡಿ. ಅವನು ಯಾವ ದೇವದೂತರನ್ನೂ ಕಾಯದೆ, ತನ್ನ ಮೈಯ ಮೇಲೆಯೇ ಪ್ರಯೋಗ ಮಾಡಿಕೊಂಡು ಬೆಳೆಯುತ್ತ ಹೋಗುತ್ತಾನೆ. ಸೂರ್ಯ ಆರಿದರೂ ತಾನು ಬದುಕುವ ದಾರಿ ಹುಡುಕುತ್ತಾನೆ. ಅದಕ್ಕಾಗಿ ಸುತ್ತಲಿನ ದ್ವೀಪದವರನ್ನು ಪೀಡಿಸುತ್ತಾನೆ. ಕಾಯುವವರು ಗೊಂಬೆಗಳಾದರೆ ಕಾಯದವನು ರಾಕ್ಷಸನಾಗುತ್ತಾನೆ. ನಡುವಿನ ದಾರಿ ಒಂದನ್ನೂ ವುಲ್ಫ್ ಸುಲಭಕ್ಕೆ ಕೊಡುವುದಿಲ್ಲ.

ಇನ್ನು ನೀರಿನ ಮಾತು.

ನಾಲ್ಕು ಸಂಪುಟಗಳ ಉದ್ದಕ್ಕೂ ಹೊಸ ಸೂರ್ಯ ಒಂದು ಹಾರೈಕೆ. ಬಂದರೆ ಹೇಗಿರುತ್ತದೆ ಎಂಬುದಕ್ಕೆ ಎರಡು ಇಣುಕುನೋಟಗಳಿವೆ. ಮೈಯಲ್ಲಿ ಪಾಚಿ ಬೆಳೆಸಿಕೊಂಡು ಬಿಸಿಲನ್ನೇ ಉಣ್ಣುವ ಹಸಿರು ಮನುಷ್ಯನೊಬ್ಬ ಭವಿಷ್ಯದಿಂದ ಬರುತ್ತಾನೆ. ಅವನದು ಸೂರ್ಯ ಚೇತರಿಸಿಕೊಂಡ ಲೋಕ. ನಾಲ್ಕನೆಯ ಸಂಪುಟದಲ್ಲಿ ಮಾಸ್ಟರ್ ಆಶ್ ಎಂಬವನ ಮನೆಯ ಮೇಲಿನ ಮಹಡಿಗೆ ಹತ್ತಿದರೆ ಕಿಟಕಿಯಾಚೆ ಬರಿ ಹಿಮ. ಅದು ಸೂರ್ಯ ಬರದ ಲೋಕ. ಆಶ್‌ನನ್ನು ಮನೆಯಿಂದ ಹೊರಗೆ ಕರೆತಂದಾಗ ಅವನು ಕರಗಿ ಇಲ್ಲವಾಗುತ್ತಾನೆ. ಓದುಗನಿಗೆ ಸಮಾಧಾನವಾಗುತ್ತದೆ: ಹಿಮದ ಭವಿಷ್ಯ ಸುಳ್ಳಾಯಿತು. ಇಷ್ಟಕ್ಕೆ ನಿಲ್ಲಿಸಿದವರು ಹೊಸ ಸೂರ್ಯನನ್ನು ವಸಂತದಂತೆ ಓದಿದರೆ ತಪ್ಪು ಹೇಳಲಾಗದು. ಎರಡನೆಯ ಸಂಪುಟದಲ್ಲಿ ಡಾಕ್ಟರ್ ಟ್ಯಾಲೋಸ್ ಆಡಿಸುವ ನಾಟಕದಲ್ಲಿ ಮಾತ್ರ ಸೂಚನೆ ಇತ್ತು. ಹೊಸ ಸೂರ್ಯ ಬರುವ ಮುನ್ನ ಹಳೆಯ ಲೋಕ ಅಳಿಯಬೇಕು ಎಂದು ಅದು ಹೇಳುತ್ತದೆ. ಆದರೆ ಅದು ನಾಟಕ, ಅದೂ ಕೋಡಂಗಿಯಂಥವನ ನಾಟಕ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಸಂಪಾದಕ ಡೇವಿಡ್ ಹಾರ್ಟ್‌ವೆಲ್ ಒತ್ತಾಯಿಸದಿದ್ದರೆ ಐದನೆಯ ಸಂಪುಟ ಬರುತ್ತಿರಲಿಲ್ಲ. ಕಥೆಯಾಗಿ ಅದು ಮೊದಲ ನಾಲ್ಕರ ಮಟ್ಟದಲ್ಲಿಲ್ಲ ಎಂದು ನಾನೂ ಒಪ್ಪುತ್ತೇನೆ. ನಕ್ಷತ್ರಗಳಾಚೆ ಹೋಗುವ ಹಡಗಿನ ಮೇಲಿನ ಅಧ್ಯಾಯಗಳು ಎಳೆಯುತ್ತವೆ, ವಿವರಣೆ ಹೆಚ್ಚಾಗಿದೆ. ಆದರೂ ಅದು ಬಾಲಂಗೋಚಿಯಲ್ಲ. ಬಿಳಿ ಚಿಲುಮೆ ಹತ್ತಿರ ಬಂದಂತೆ ಉರ್ಥ್ ನಡುಗುತ್ತದೆ, ಸಮುದ್ರಗಳು ಉಕ್ಕಿ ನೆಲ ನುಂಗುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇಲ್ಲಿ ಅಕ್ಷರಶಃ ನಡೆಯುತ್ತದೆ: ರೋಗ ಸೂರ್ಯನದು, ಸುಟ್ಟುಕೊಂಡದ್ದು ಭೂಮಿ. ಸೆವೇರಿಯನ್ ಹಿಂದಿರುಗುವಾಗ ಅಲ್ಲಿ ದಶಕಗಳು ಕಳೆದಿವೆ, ಅವನ ಹೆಂಡತಿ ವಲೇರಿಯಾ ಮುದುಕಿಯಾಗಿ ರಾಜ್ಯ ಆಳುತ್ತಿದ್ದಾಳೆ. ಟ್ಯಾಲೋಸ್‌ನ ನಾಟಕದ ದೃಶ್ಯಗಳು ನಿಜದ ಅರಮನೆಯ ಸಿಂಹಾಸನದೆದುರು ಮತ್ತೆ ನಡೆಯುತ್ತವೆ, ಈ ಸಲ ಪ್ರೇಕ್ಷಕರೂ ಮುಳುಗುತ್ತಾರೆ. ನೆಸ್ಸಸ್ ಮುಳುಗುತ್ತದೆ. ಆ ವೃತ್ತಿಸಂಘದ ಹುಡುಗರು, ಪೇಟೆಯ ವ್ಯಾಪಾರಿಗಳು, ಬೆಟ್ಟದ ಕೆಳಗಿನ ಗುಡಿಸಲುಗಳಲ್ಲಿ ಸೆವೇರಿಯನ್ ಒಂದೊಂದಾಗಿ ಜೀವ ಉಳಿಸಿದವರ ಮಕ್ಕಳು ಮೊಮ್ಮಕ್ಕಳು, ಯಾರೂ ಇಲ್ಲ.

ಹೊಸ ಲೋಕಕ್ಕೆ ವುಲ್ಫ್ ಇಟ್ಟ ಹೆಸರು ಉಷಸ್. ಋಗ್ವೇದದ ಬೆಳಗಿನ ದೇವಿಯ ಹೆಸರು ಅಮೆರಿಕದ ಕ್ಯಾಥೊಲಿಕ್ ಎಂಜಿನಿಯರನ ಪುಸ್ತಕದ ಕೊನೆಯಲ್ಲಿ ಎದುರಾದಾಗ ಕನ್ನಡದ ಓದುಗನ ಹುಬ್ಬು ಏರುವುದು ಸಹಜ. ಉರ್ಥ್ ಎಂಬುದು ನಾರ್ಸ್ ಪುರಾಣದ ವಿಧಿದೇವತೆಯ ಹೆಸರು, ನೋಹನ ಜಲಪ್ರಳಯ ಹೀಬ್ರೂಗಳದು, ಹೈರೊಗ್ರಾಮೇಟರು ಇರುವ ಯೆಸೋದ್ ಯಹೂದಿ ಕಬ್ಬಾಲಾದಿಂದ ಬಂದದ್ದು, ವಿಶ್ವ ಮತ್ತೆ ಮತ್ತೆ ಹುಟ್ಟಿ ಅಳಿಯುವ ಚಕ್ರ ನಮ್ಮ ಕಡೆಯ ಕಲ್ಪನೆಗೆ ಹತ್ತಿರ. ಇವನ್ನೆಲ್ಲ ವುಲ್ಫ್ ಬೆರೆಸಿದ್ದಾನೆ, ಆದರೆ ಒಂದು ವ್ಯತ್ಯಾಸ ಹಾಗೆಯೇ ಇದೆ. ನಮ್ಮ ಪ್ರಳಯಕ್ಕೆ ಕರ್ತೃ ಕಾಲ; ಯಾವ ಮನುಷ್ಯನೂ ಅದಕ್ಕೆ ಸಹಿ ಹಾಕುವುದಿಲ್ಲ. ಮಾರ್ಕಂಡೇಯ ನೋಡುತ್ತಾನೆ, ಅಷ್ಟೇ. ಸೆವೇರಿಯನ್ ಸಹಿ ಹಾಕಿದವನು. ಹೊಸ ಸೂರ್ಯ ಬರಲೆಂದು ಬೇಡಿ, ಪರೀಕ್ಷೆಗೆ ನಿಂತು, ಗೆದ್ದು ತಂದವನು. ಅವನನ್ನು ಕ್ರಿಸ್ತನ ಜೊತೆಗೂ ಮಾರ್ಕಂಡೇಯನ ಜೊತೆಗೂ ಕೂರಿಸಲಾಗದೆ ಇರುವುದು ಈ ಕಾರಣಕ್ಕೆ.

ಇಲ್ಲಿ ಬರವಣಿಗೆಯ ಕಾಲಕ್ಕೆ ಗಮನ ಕೊಡಬೇಕು. ಮೊದಲ ನಾಲ್ಕು ಸಂಪುಟಗಳನ್ನು ಸೆವೇರಿಯನ್ ಬರೆದದ್ದು ದೊರೆಯಾಗಿದ್ದಾಗ, ಪಯಣಕ್ಕೆ ಮುನ್ನ. ಐದನೆಯದನ್ನು ಬರೆದದ್ದು ಎಲ್ಲ ಮುಗಿದ ಮೇಲೆ. ಒಂದೇ ಸೂರ್ಯನ ಬಗ್ಗೆ ಒಬ್ಬನೇ ಮನುಷ್ಯ ಬೆಲೆ ತೆರುವ ಮುಂಚೆ ಒಮ್ಮೆ, ತೆತ್ತ ಮೇಲೆ ಒಮ್ಮೆ ಬರೆದಿದ್ದಾನೆ. ದೇವಶಾಸ್ತ್ರದ ಬಣ ಮೊದಲ ಹೇಳಿಕೆಯನ್ನೂ ಸಂಶಯದ ಬಣ ಎರಡನೆಯದನ್ನೂ ಹಿಡಿದುಕೊಂಡು ಜಗಳವಾಡುತ್ತಿವೆ ಎಂದು ನನಗನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದಾಗ ಕಾಣುವ ಸೆವೇರಿಯನ್ ಸಂತನೂ ಅಲ್ಲ, ಗೊಂಬೆಯೂ ಅಲ್ಲ. ಅವನು ಸಂಘದಲ್ಲಿ ಕಲಿತ ಕಸುಬನ್ನು ಕೊನೆಯವರೆಗೂ ಮಾಡಿದವನು. ಬೇರೆಯವರು ಕೊಟ್ಟ ತೀರ್ಪನ್ನು ತನ್ನ ಕೈಯಿಂದ ನೆರವೇರಿಸುವುದು, ಆ ಕೈ ತನ್ನದೆಂಬುದನ್ನು ಮರೆಯದೆ ಇರುವುದು ಆ ಕಸುಬು. ತನಗೆ ಏನೂ ಮರೆತುಹೋಗುವುದಿಲ್ಲ ಎಂದು ಮೊದಲಿನಿಂದ ಹೇಳುತ್ತ ಬಂದವನಿಗೆ ಅದೇ ದೊಡ್ಡ ಶಿಕ್ಷೆ. ಉಷಸ್‌ನಲ್ಲಿ ಅವನು ಎಚ್ಚರಾಗುವ ಕಾಲಕ್ಕೆ ದ್ವೀಪದ ಬೆಸ್ತರು ನಾಲ್ವರನ್ನು ಪೂಜಿಸುತ್ತಿರುತ್ತಾರೆ. ಪ್ರಳಯದಲ್ಲಿ ಅರಮನೆಯಿಂದ ಹೇಗೋ ಪಾರಾದ ಒಡಿಲೊ, ಪೆಗಾ, ಥಾಯಿಸ್ ಎಂಬವರು ಮೂವರು. ನಾಲ್ಕನೆಯವನು ನಿದ್ರಿಸುವವನು, ಅಂದರೆ ಸೆವೇರಿಯನ್. ಮುಳುಗಿದವರ ಹೆಸರಿಗೆ ಅಲ್ಲಿ ಯಾವ ಗುಡಿಯೂ ಇಲ್ಲ.

ಈ ವಾದಕ್ಕೆ ವುಲ್ಫ್ ಮುಂದೆ ಇನ್ನೊಂದು ಗಂಟು ಹಾಕಿದ. 1993ರಿಂದ 1996ರವರೆಗೆ ಬಂದ 'ದಿ ಬುಕ್ ಆಫ್ ದಿ ಲಾಂಗ್ ಸನ್'ನ ನಾಲ್ಕು ಸಂಪುಟಗಳು ವೊರ್ಲ್ ಎಂಬ ಬೃಹತ್ ನೌಕೆಯೊಳಗೆ ನಡೆಯುತ್ತವೆ. ಒಳಗೆ ಊರುಗಳು, ಹೊಲಗಳು, ನಡುವೆ ಉದ್ದನೆಯ ಕೃತಕ ಸೂರ್ಯ. ಅಲ್ಲಿನವರ ಮಹಾದೇವರಾದ ಪಾಸ್‌ಗೆ ಎರಡು ತಲೆ. ಬೆಟ್ಟದೊಳಗಿನ ಟೈಫನ್‌ಗೂ ಎರಡು ತಲೆ. ಒಬ್ಬ ಗುಲಾಮನ ಮೈಗೆ ತನ್ನ ತಲೆ ಕಸಿ ಮಾಡಿಸಿಕೊಂಡಿದ್ದವನು ಅವನು. ನೌಕೆ ಕಳಿಸಿದವನು ಟೈಫನ್, ತನ್ನ ಅಹಂಕಾರಕ್ಕೆ. 1999ರಿಂದ 2001ರವರೆಗಿನ 'ಶಾರ್ಟ್ ಸನ್' ಸಂಪುಟಗಳಲ್ಲಿ ಆ ನೌಕೆಯ ಜನ ಹೊಸ ಗ್ರಹಗಳಿಗೆ ಇಳಿದು ಬೇಸಾಯ ಮಾಡುತ್ತಿದ್ದಾರೆ. ಅವರಲ್ಲೊಬ್ಬ ಮನೋಯಾನದಲ್ಲಿ ಕೆಂಪು ಸೂರ್ಯನ ಲೋಕಕ್ಕೂ ಬಂದು, ಸಂಘದಲ್ಲಿ ಇನ್ನೂ ಬೆಳೆಯುತ್ತಿರುವ ಹುಡುಗ ಸೆವೇರಿಯನ್‌ನನ್ನು ಕಾಣುತ್ತಾನೆ. ಸೂರ್ಯನನ್ನು ಉಳಿಸಿದವನ ಪ್ರಳಯದಿಂದ ಪಾರಾದವರು ಬೆರಳೆಣಿಕೆಯಷ್ಟು ಜನ. ಸೂರ್ಯ ಆರುವಾಗಲೂ ತನ್ನದೇ ಲೆಕ್ಕ ನೋಡಿಕೊಂಡ ಸರ್ವಾಧಿಕಾರಿ ಹಡಗು ಹತ್ತಿಸಿ ಕಳಿಸಿದವರ ಮೊಮ್ಮಕ್ಕಳು ಊರು ಊರೇ ತುಂಬಿದ್ದಾರೆ. ಮೂರು ಬಣಗಳಲ್ಲಿ ಯಾವುದೂ ಈ ಲೆಕ್ಕಕ್ಕೆ ಇನ್ನೂ ಸರಿಯಾದ ಉತ್ತರ ಕೊಟ್ಟಂತೆ ನನಗೆ ಕಂಡಿಲ್ಲ.